ವಿಜ್ಞಾನಿಗೆ ಮಾತು ಕಲಿಸಬೇಕೇ?

2022ರ ಮೇ ತಿಂಗಳಲ್ಲಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ‘ವೈಜ್ಞಾನಿಕ ಸಾಮಾಜಿಕ ಹೊಣೆಗಾರಿಕೆ’ಯ ಮಾರ್ಗಸೂಚಿಯನ್ನು ಹೊರಡಿಸಿತು. ವಿಜ್ಞಾನದ ಕೆಲಸದಲ್ಲಿರುವವರು ವರ್ಷಕ್ಕೆ ಕನಿಷ್ಠ 10 ದಿನಗಳನ್ನು ಸಮಾಜಕ್ಕೆ ಮೀಸಲಿಡಬೇಕು ಎನ್ನುತ್ತದೆ ಅದು. ಹಾಗಿದ್ದರೆ ಜನರೆದುರು ನಿಂತು ತಮ್ಮ ವಿಜ್ಞಾನವನ್ನು ತಿಳಿಸುವ ಬಗೆಯನ್ನು ಪಿಎಚ್‌.ಡಿ. ಹಂತದಲ್ಲೇ ಎಲ್ಲರಿಗೂ ಕಡ್ಡಾಯವಾಗಿ ಕಲಿಸಬೇಕೇ?

ಪರ: ತಾನಾಗಿ ಬರುವ ವಿದ್ಯೆ ಇದಲ್ಲ

2019ರ ಮೊದಲ ತಿಂಗಳುಗಳು. ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಮಂಗನ ಕಾಯಿಲೆ ಒಂದೊಂದೇ ಜೀವ ತೆಗೆಯುತ್ತಿತ್ತು. ಆ ಕಡೆಯ ಊರೊಂದರ ಶಾಲೆಯಲ್ಲಿ ತಿಳಿವಳಿಕೆ ಸಭೆ ಕರೆದಿದ್ದರು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವ ನಾನೂ ಹೋಗಿದ್ದೆ. ಹೊರಗಿನಿಂದ ಬಂದಿದ್ದ ತಜ್ಞರು ಗೋಡೆಯ ಮೇಲೆ ಚಿತ್ರಗಳನ್ನು ತೋರಿಸುತ್ತ ಮುಕ್ಕಾಲು ಗಂಟೆ ಮಾತನಾಡಿದರು. ವೈರಾಣುವಿನ ಕುಲಗೋತ್ರ, ಅದನ್ನು ಹರಡುವ ಉಣುಗಿನ ಲ್ಯಾಟಿನ್ ಹೆಸರು, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ರೋಗ ಮೊದಲು ಕಾಣಿಸಿಕೊಂಡ ಚರಿತ್ರೆ, ಎಲ್ಲವೂ ಇತ್ತು. ಒಂದು ಮಾತೂ ತಪ್ಪಿರಲಿಲ್ಲ.

ಕೊನೆಯಲ್ಲಿ ಹಿಂದಿನ ಬೆಂಚಿನಿಂದ ಅಜ್ಜಿಯೊಬ್ಬರು ಎದ್ದು ಕೇಳಿದರು: “ಸೂಜಿ ಹಾಕಿಸಿಕೊಂಡವರಿಗೂ ಜ್ವರ ಬಂದಿದೆಯಲ್ಲ ಡಾಕ್ಟರೇ, ಮತ್ತೆ ನಾವು ಯಾಕೆ ಚುಚ್ಚಿಸಿಕೊಳ್ಳಬೇಕು?”

ತಜ್ಞರು ‘ಎಫಿಕಸಿ’ ಎಂದರು. ಯಾವ ಲಸಿಕೆಯೂ ನೂರಕ್ಕೆ ನೂರು ಕೆಲಸ ಮಾಡುವುದಿಲ್ಲ ಎಂದರು. ಅಷ್ಟಕ್ಕೆ ಮುಂದಿನ ಪ್ರಶ್ನೆಗೆ ಹೋದರು. ಅಜ್ಜಿ ಸೆರಗು ಸರಿಪಡಿಸಿಕೊಂಡು ಕುಳಿತರು. ಆ ದಿನ ಸೂಜಿಯ ಸಾಲಿನಲ್ಲಿ ಅವರು ನಿಲ್ಲಲಿಲ್ಲ.

ಉತ್ತರ ಇರಲಿಲ್ಲವೆಂದಲ್ಲ. 2005ರಿಂದ 2010ರವರೆಗಿನ ಅಂಕಿಅಂಶಗಳ ಅಧ್ಯಯನವೊಂದು ಆಗಲೇ ಪ್ರಕಟವಾಗಿತ್ತು. ಎರಡು ಸೂಜಿ ಪಡೆದವರಲ್ಲಿ ರಕ್ಷಣೆ ಸುಮಾರು ಶೇ 62, ಅದರ ಮೇಲೆ ಬೂಸ್ಟರ್ ಕೂಡ ಪಡೆದವರಲ್ಲಿ ಸುಮಾರು ಶೇ 83 ಎಂದು ಅದು ಕಂಡಿತ್ತು. ಇದನ್ನೇ ಹೀಗೆ ಹೇಳಬಹುದಿತ್ತು: “ಸೂಜಿ ಇಲ್ಲದಿದ್ದರೆ ನೂರು ಜನರಿಗೆ ಬರುತ್ತಿದ್ದ ಜ್ವರ ಎರಡು ಸೂಜಿ ಹಾಕಿಸಿಕೊಂಡರೆ ಮೂವತ್ತೆಂಟು ಜನರಿಗೆ ಬರುತ್ತದೆ, ಮೂರು ಹಾಕಿಸಿಕೊಂಡರೆ ಹದಿನೇಳು ಜನರಿಗೆ. ನೀವು ನೋಡಿದ್ದು ಆ ಮೂವತ್ತೆಂಟರಲ್ಲಿ ಒಬ್ಬರನ್ನು ಇರಬೇಕು ಅಮ್ಮ. ಅವರು ಎಷ್ಟು ಸೂಜಿ ಹಾಕಿಸಿಕೊಂಡಿದ್ದರು?” ಒಂದು ನಿಮಿಷದ ಮಾತು ಅದು. ಕೊಟ್ಟಿಗೆಗೆ ತರಗೆಲೆ ತರಲು ಹೆಂಗಸರು ಕಾಡಿಗೆ ಹೋಗುವ ತಿಂಗಳುಗಳೇ ಮರಿ ಉಣುಗುಗಳು ಏಳುವ ತಿಂಗಳುಗಳು. ಮೈಗೆ ಎಣ್ಣೆ ಹಚ್ಚಿಕೊಂಡು ಹೋಗಿ ಎಂದು ಹೇಳುವುದಕ್ಕೆ ಉಣುಗಿನ ಕುಲಗೋತ್ರ ಬೇಕಾಗಿರಲಿಲ್ಲ, ಊರಿನ ಕೆಲಸದ ಕ್ರಮ ಗೊತ್ತಿದ್ದರೆ ಸಾಕಿತ್ತು.

ನಾನು ಆ ತಜ್ಞರನ್ನು ದೂರುವುದಿಲ್ಲ. ಅವರಿಗೆ ಅದನ್ನು ಯಾರೂ ಕಲಿಸಿರಲಿಲ್ಲ. ಕಲಿಸಿದ್ದೆಲ್ಲವೂ ತದ್ವಿರುದ್ಧ ವಿದ್ಯೆ. ಐದಾರು ವರ್ಷ ಒಬ್ಬ ಸಂಶೋಧಕ ಬರೆಯುವ ಪ್ರಬಂಧದಲ್ಲಿ ಹಿನ್ನೆಲೆ ಮೊದಲು ಬರುತ್ತದೆ, ಆಮೇಲೆ ವಿಧಾನ, ಕಟ್ಟಕಡೆಗೆ ಫಲಿತಾಂಶ. ಊರಿನ ಸಭೆಯಲ್ಲಿ ಕುಳಿತವರಿಗೆ ಫಲಿತಾಂಶವೇ ಮೊದಲು ಬೇಕು. ಪ್ರಬಂಧದಲ್ಲಿ ‘ನಾನು’ ಇರಕೂಡದು, ಸಭೆಯಲ್ಲಿ ‘ನಾನು ನೋಡಿದ್ದೇನೆ’ ಎನ್ನದವರನ್ನು ಯಾರೂ ನಂಬುವುದಿಲ್ಲ. ಒಂದು ಬಗೆಯ ಮಾತಿನಲ್ಲಿ ಇಷ್ಟು ಗಟ್ಟಿಯಾಗಿ ತಯಾರಾದವರಿಗೆ ಇನ್ನೊಂದು ಬಗೆ ತಾನಾಗಿ ಒಲಿಯಬೇಕು ಎಂದು ಬಯಸುವುದು ಅನ್ಯಾಯ.

ಪದಗಳದ್ದೇ ಒಂದು ದೊಡ್ಡ ಪಾಠವಿದೆ. ಕೋವಿಡ್ ಕಾಲದಲ್ಲಿ ‘ಪಾಸಿಟಿವ್ ಬಂದಿದೆ’ ಎಂದಾಗ ಒಳ್ಳೆಯ ಸುದ್ದಿಯೆಂದು ನಿಟ್ಟುಸಿರು ಬಿಟ್ಟವರನ್ನು ನಾನು ಕಂಡಿದ್ದೇನೆ. ‘ಅತಿ ಭಾರಿ ಮಳೆ’ ಎಂದರೆ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಒಂದು ದಿನಕ್ಕೆ 115.6ರಿಂದ 204.4 ಮಿಲಿಮೀಟರ್. ಆರಿದ್ರಾ, ಪುನರ್ವಸು ಎಂದು ಮಳೆಯನ್ನು ಅಳೆಯುವ ರೈತನಿಗೆ ಆ ದಶಮಾಂಶದಿಂದ ಏನು ತಿಳಿಯಬೇಕು? ಇನ್ನು ‘ಪರಿಸರ ಸೂಕ್ಷ್ಮ ವಲಯ’, ಅಂದರೆ ಪರಿಸರ ಉಳಿಸಲು ಗಣಿಯಂಥ ಕೆಲಸಗಳಿಗೆ ಮಿತಿ ಹಾಕುವ ಪ್ರದೇಶ. ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿ ಪಶ್ಚಿಮ ಘಟ್ಟದ ಬಗ್ಗೆ 2011ರಲ್ಲಿ ಕೊಟ್ಟ ವರದಿ ಐನೂರು ಪುಟ ಮೀರಿದ ಇಂಗ್ಲಿಷ್ ಗ್ರಂಥ. ವಲಯಗಳನ್ನು ಗ್ರಾಮಸಭೆಗಳ ಮುಂದಿಟ್ಟು ಚರ್ಚಿಸಬೇಕೆಂದು ಅದರಲ್ಲೇ ಬರೆದಿತ್ತು. ನಮ್ಮ ಮಲೆನಾಡಿನ ಹಳ್ಳಿಗಳಿಗೆ ವರದಿಗಿಂತ ಮೊದಲು ಬಂದು ಕುಳಿತದ್ದು ‘ಒಕ್ಕಲೆಬ್ಬಿಸುತ್ತಾರಂತೆ’ ಎಂಬ ಸುದ್ದಿ. ಗಾಡ್ಗೀಳ್ ವರದಿಯನ್ನು ಪರಿಶೀಲಿಸಲು ನೇಮಿಸಿದ ಕಸ್ತೂರಿರಂಗನ್ ಸಮಿತಿಯ ವರದಿಯ ಬಳಿಕ, 2014ರಲ್ಲಿ, ಕರ್ನಾಟಕದ 20,668 ಚದರ ಕಿಲೋಮೀಟರ್ ಜಾಗವನ್ನು ಕರಡು ಅಧಿಸೂಚನೆಯಲ್ಲಿ ಪರಿಸರ ಸೂಕ್ಷ್ಮವೆಂದು ಗುರುತಿಸುವ ಹೊತ್ತಿಗೆ ‘ಸೂಕ್ಷ್ಮ’ ಎಂಬ ಪದವೇ ನಮ್ಮಲ್ಲಿ ಬೈಗುಳವಾಗಿತ್ತು. ಜಗಲಿಯ ಮೇಲೆ ಕುಳಿತು, ಅಡಿಕೆ ತೋಟಕ್ಕೆ ಏನಾಗುತ್ತದೆ, ಗಣಿಗೆ ಏನಾಗುತ್ತದೆ ಎಂದು ಬಿಡಿಸಿ ಹೇಳಬಲ್ಲ ನೂರು ಮಂದಿ ಯುವ ಸಂಶೋಧಕರು ಆಗ ನಮಗೆ ಬೇಕಿತ್ತು.

ವಿಜ್ಞಾನಿ ಬಾಯಿ ಬಿಡದಿದ್ದರೆ ಆ ಜಾಗ ಖಾಲಿ ಉಳಿಯುವುದಿಲ್ಲ. ಇಟಲಿಯ ಲಾಕ್ವಿಲಾ ಊರಿನಲ್ಲಿ 2009ರಲ್ಲಿ ತಿಂಗಳುಗಟ್ಟಲೆ ಸಣ್ಣ ಕಂಪನಗಳಾಗುತ್ತಿದ್ದವು. ಮಾರ್ಚ್ 31ರಂದು ತಜ್ಞರ ಸಭೆ ಸೇರಿತು. ಆದರೆ ಜನರ ಕಿವಿಗೆ ಬಿದ್ದದ್ದು ನಾಗರಿಕ ರಕ್ಷಣಾ ಇಲಾಖೆಯ ಅಧಿಕಾರಿಯೊಬ್ಬರ ಮಾತು: ಕಂಪನಗಳಿಂದ ಭೂಮಿಯ ಶಕ್ತಿ ಖರ್ಚಾಗುತ್ತಿದೆ, ಅದು ಒಳ್ಳೆಯದೇ. ಏಪ್ರಿಲ್ 6ರ ನಸುಕಿನಲ್ಲಿ ದೊಡ್ಡ ಕಂಪನವಾಗಿ ಮುನ್ನೂರಕ್ಕೂ ಹೆಚ್ಚು ಜನ ಸತ್ತರು. 2012ರಲ್ಲಿ ಆರು ಮಂದಿ ವಿಜ್ಞಾನಿಗಳಿಗೂ ಆ ಅಧಿಕಾರಿಗೂ ಆರು ವರ್ಷ ಜೈಲುಶಿಕ್ಷೆ ಆಯಿತು. 2014ರಲ್ಲಿ ಮೇಲಿನ ನ್ಯಾಯಾಲಯ ವಿಜ್ಞಾನಿಗಳನ್ನು ಖುಲಾಸೆ ಮಾಡಿತು. ಕಾನೂನಿನ ಕಣ್ಣಿನಲ್ಲಿ ಅವರು ತಪ್ಪಿತಸ್ಥರಲ್ಲ. ಆದರೆ ‘ಭೂಕಂಪ ಆಗುವುದೇ ಇಲ್ಲ ಎಂದು ನಾವು ಹೇಳಲಾರೆವು, ಹಳೆಯ ಮನೆಗಳಲ್ಲಿರುವವರು ಎಚ್ಚರವಾಗಿರಿ’ ಎಂಬ ಎರಡು ಸಾಲನ್ನು ಅವರು ತಾವೇ ಜನರ ಮುಂದೆ ಹೇಳಿದ್ದರೆ?

ಕಡ್ಡಾಯ ಎಂದರೆ ಹುಬ್ಬು ಗಂಟಿಕ್ಕುವವರಿದ್ದಾರೆ. 2019ರ ಕೊನೆಯಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು (ಯುಜಿಸಿ) ಸಂಶೋಧನೆಯ ನೀತಿ ಕುರಿತ ಎರಡು ಕ್ರೆಡಿಟ್‌ಗಳ, 30 ಗಂಟೆಗಳ ಪಾಠವನ್ನು ಪಿಎಚ್‌.ಡಿ. ವಿದ್ಯಾರ್ಥಿಗಳೆಲ್ಲರಿಗೂ ಕಡ್ಡಾಯ ಮಾಡಿತು. ಆಕಾಶವೇನೂ ಬೀಳಲಿಲ್ಲ. ಕೃಷಿ ಪದವಿ ಓದುವ ಮಕ್ಕಳು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದು ರೈತರೊಡನೆ ಒಡನಾಡುವುದು ನಮ್ಮಲ್ಲಿ ಬಹಳ ಕಾಲದಿಂದ ನಡೆದುಬಂದಿದೆ. ಜೀವರಸಾಯನಶಾಸ್ತ್ರದವರಿಗೆ, ಭೂವಿಜ್ಞಾನದವರಿಗೆ ಯಾಕೆ ಬೇಡ? ನಾನು ಕೇಳುವುದು ಇನ್ನೂ 30 ಗಂಟೆ. ಅದರಲ್ಲಿ ಅರ್ಧ ಕನ್ನಡದಲ್ಲಿ ನಡೆಯಲಿ. ಪರೀಕ್ಷೆ ತರಗತಿಯೊಳಗೆ ಬೇಡ. ಒಂದು ಹಳ್ಳಿಯ ಶಾಲೆಗೆ ಅಥವಾ ಒಂದು ಸ್ವಸಹಾಯ ಗುಂಪಿನ ಸಭೆಗೆ ಹೋಗಿ, ಚಿತ್ರದ ಯಂತ್ರವಿಲ್ಲದೆ, ಹದಿನೈದು ನಿಮಿಷ ತನ್ನ ಕೆಲಸವನ್ನು ಹೇಳಿ ಬರಲಿ. ಕೇಳಿದವರು ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಿದರೆ ಪಾಸು.

ವಿರೋಧ: ಕಟ್ಟಿದ ಬಾಯಿಗೆ, ಮುಚ್ಚಿದ ಕಿವಿಗೆ ತರಬೇತಿ ಮದ್ದಲ್ಲ

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕೃಷಿ ವಿಸ್ತರಣೆಯಲ್ಲಿ ಕೆಲಸ ಮಾಡಿದವನು ನಾನು. ವಿಜ್ಞಾನಿಗಳಿಗೆ ಮಾತು ಕಲಿಸುವ ಎಷ್ಟೋ ಎರಡು ದಿನದ ಶಿಬಿರಗಳನ್ನು ನಾನೇ ನಡೆಸಿದ್ದೇನೆ. ಅಲ್ಲಿಂದ ಹೊರಬಂದವರು ಚೆನ್ನಾಗಿಯೇ ಮಾತನಾಡುತ್ತಿದ್ದರು. ನನ್ನ ವಿರೋಧ ಹುಟ್ಟಿದ್ದು ಆ ಅನುಭವದಿಂದ.

ಒಮ್ಮೆ ರಾಗಿಯ ಹೊಸ ತಳಿಯೊಂದನ್ನು ಹಿಡಿದುಕೊಂಡು ತುಮಕೂರು ಕಡೆಯ ಹಳ್ಳಿಗೆ ಹೋಗಿದ್ದೆವು. ಗಿಡ್ಡ ತಳಿ, ಬಾಗಿ ಬೀಳುವುದಿಲ್ಲ, ಕಾಳು ಹೆಚ್ಚು. ನಮ್ಮ ತಳಿ ತಜ್ಞರು ಕಥೆ, ಗಾದೆ, ನಗು ಎಲ್ಲವನ್ನೂ ಬೆರೆಸಿ ಎಷ್ಟು ಸೊಗಸಾಗಿ ಮಾತನಾಡಿದರೆಂದರೆ ಜನ ಚಪ್ಪಾಳೆ ತಟ್ಟಿದರು. ಆಮೇಲೆ ಒಬ್ಬ ರೈತ ಎದ್ದು, “ಹುಲ್ಲು ಎಲ್ಲಿ ಸ್ವಾಮಿ?” ಎಂದ. ಕಾಳು ಹೆಚ್ಚಾದರೆ ಸಾಕೇ, ಬೇಸಗೆಯಲ್ಲಿ ಎರಡು ಹಸು, ಒಂದು ಜೊತೆ ಎತ್ತು ಏನು ತಿನ್ನಬೇಕು? ತಜ್ಞರು ಮತ್ತೊಮ್ಮೆ, ಇನ್ನೂ ಚೆನ್ನಾಗಿ, ಕಾಳಿನ ಇಳುವರಿಯನ್ನೇ ವಿವರಿಸಿದರು. ಮುಂದಿನ ವರ್ಷ ಆ ಊರಿನಲ್ಲಿ ಆ ತಳಿಯನ್ನು ಯಾರೂ ಬಿತ್ತಲಿಲ್ಲ. ನಮ್ಮ ವರದಿಯಲ್ಲಿ ‘ರೈತರಲ್ಲಿ ಅರಿವಿನ ಕೊರತೆ’ ಎಂದು ಬರೆದೆವು. ಆ ಸಾಲನ್ನು ಬರೆದ ಕೈ ನನ್ನದೇ. ಇಂದಿಗೂ ಅದು ನನ್ನನ್ನು ಚುಚ್ಚುತ್ತದೆ.

ಪರವಾಗಿ ಬರೆದವರು ಹೇಳಿದ ಅಜ್ಜಿಯ ವಿಷಯಕ್ಕೆ ಬರುತ್ತೇನೆ. ಸೂಜಿ ಹಾಕಿಸಿಕೊಂಡವರಿಗೂ ಜ್ವರ ಬಂದಿದೆ ಎಂದರು ಅವರು. 2022ರ ಹೊತ್ತಿಗೆ, ರಕ್ಷಣೆ ಸಾಲದೆಂಬ ಕಾರಣಕ್ಕೆ ಆ ಲಸಿಕೆಯನ್ನು ಕೊಡುವುದನ್ನೇ ರಾಜ್ಯದಲ್ಲಿ ನಿಲ್ಲಿಸಲಾಯಿತು. ಈಗ ಹೊಸ ಲಸಿಕೆಯ ತಯಾರಿ ನಡೆದಿದೆ. ಅಂದರೆ ಕಾಡಿನಂಚಿನ ಊರಿನ ಹೆಂಗಸೊಬ್ಬರು ತಮ್ಮ ಸುತ್ತಲಿನ ಜ್ವರಗಳನ್ನು ಎಣಿಸಿ, ತಜ್ಞರಿಗಿಂತ ಮೊದಲೇ ಸರಿಯಾದ ಅನುಮಾನಕ್ಕೆ ಬಂದಿದ್ದರು. ಶೇ 62, ಶೇ 83ರ ಹಳೆಯ ಲೆಕ್ಕವನ್ನು ಮನಮುಟ್ಟುವಂತೆ ಹೇಳುವ ಕಲೆ ಆ ತಜ್ಞರಿಗೆ ಸಿದ್ಧಿಸಿದ್ದರೆ ಅಜ್ಜಿಯ ಅನುಮಾನ ಅಲ್ಲೇ ಕರಗುತ್ತಿತ್ತು, ಅಷ್ಟೆ. ಅದು ಕರಗಬಾರದಿತ್ತು. ಪ್ರಯೋಗಾಲಯದವರೆಗೆ ಹೋಗಬೇಕಿತ್ತು.

ನಮ್ಮ ಊರುಗಳಲ್ಲಷ್ಟೇ ಹೀಗಾಗುತ್ತದೆ ಎಂದಲ್ಲ. 1986ರ ಏಪ್ರಿಲ್‌ನಲ್ಲಿ ಚೆರ್ನೋಬಿಲ್ ಅಣುಸ್ಥಾವರ ಸಿಡಿದ ಮೇಲೆ ವಿಕಿರಣದ ಧೂಳು ಇಂಗ್ಲೆಂಡಿನ ಕಂಬ್ರಿಯಾ ಬೆಟ್ಟಗಳ ಮೇಲೆ ಮಳೆಯೊಂದಿಗೆ ಇಳಿಯಿತು. ಅಲ್ಲಿ ಮೇಯುವ ಕುರಿಗಳನ್ನು ಮಾರುವುದಕ್ಕೆ ನಿರ್ಬಂಧ ಬಿತ್ತು. ಮೂರು ವಾರದಲ್ಲಿ ಸರಿಹೋಗುತ್ತದೆ ಎಂದರು ವಿಜ್ಞಾನಿಗಳು. ಅವರ ಲೆಕ್ಕ ಜೇಡಿಮಣ್ಣಿನದ್ದು. ಆ ಧೂಳಿನಲ್ಲಿದ್ದ ವಿಕಿರಣ ಸೂಸುವ ಸೀಸಿಯಮ್ಮನ್ನು ಜೇಡಿಮಣ್ಣು ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಆ ಬೆಟ್ಟಗಳಲ್ಲಿರುವುದು ಕೊಳೆತ ಸಸ್ಯದಿಂದಾದ ಹುಳಿಮಣ್ಣು. ಅಲ್ಲಿ ಸೀಸಿಯಂ ಹುಲ್ಲಿಗೆ ಏರುತ್ತಲೇ ಇರುತ್ತದೆ, ಹುಲ್ಲಿನಿಂದ ಕುರಿಗೆ. ಕುರಿಗಳನ್ನು ಕೆಳಗಿನ ಕಣಿವೆಯಲ್ಲಿ ಮೇಯಿಸಿ ಎಂದು ಸಲಹೆ ಕೊಟ್ಟರು. ಕಣಿವೆಯ ಹುಲ್ಲು ಚಳಿಗಾಲಕ್ಕೆ ಕಾದಿಡುವ ಬುತ್ತಿ ಎಂದು ಕುರುಬರು ಹೇಳಿದ್ದನ್ನು ಕೇಳಿಸಿಕೊಳ್ಳಲಿಲ್ಲ. ಕುರಿಗಳನ್ನು ಬೇಲಿಯೊಳಗೆ ಕೂಡಿ ಪ್ರಯೋಗ ಹೂಡಿದರು. ಬೆಟ್ಟದ ಕುರಿ ಬೇಲಿಯೊಳಗೆ ಸೊರಗುತ್ತದೆ ಎಂದು ಕುರುಬರು ಮೊದಲೇ ಎಚ್ಚರಿಸಿದ್ದರು. ಪ್ರಯೋಗವನ್ನು ಕೈಬಿಡಬೇಕಾಯಿತು. ಮೂರು ವಾರದ ನಿರ್ಬಂಧ ಕೆಲವು ಕಡೆ ಪೂರ್ತಿ ತೆರವಾದದ್ದು 2012ರಲ್ಲಿ. ಆ ವಿಜ್ಞಾನಿಗಳ ಇಂಗ್ಲಿಷ್ ಕುರುಬರಿಗೆ ಚೆನ್ನಾಗಿಯೇ ಅರ್ಥವಾಗಿತ್ತು.

ಇನ್ನು ಗಾಡ್ಗೀಳ್ ವರದಿ. ಅದು ಹಳ್ಳಿಗೆ ತಲುಪದೆ ಹೋದದ್ದು ಬರೆದವರಿಗೆ ಜನರೊಡನೆ ಮಾತನಾಡಲು ಬಾರದೆ ಎಂಬ ಭಾವನೆ ಬರುವಂತೆ ಹೇಳುವುದು ಸರಿಯಲ್ಲ. ಜನರ ನಡುವೆ ಅಷ್ಟು ಓಡಾಡಿದ, ಮರಾಠಿಯಲ್ಲೂ ಬರೆದ ವಿಜ್ಞಾನಿಗಳು ನಮ್ಮಲ್ಲಿ ಕಡಿಮೆ. 2011ರ ಆಗಸ್ಟ್‌ನಲ್ಲಿ ಕೈಸೇರಿದ ವರದಿಯನ್ನು ಸಚಿವಾಲಯ ಒಳಗಿಟ್ಟುಕೊಂಡಿತು. ಮಾಹಿತಿ ಹಕ್ಕಿನಡಿ ಹೋರಾಟ ನಡೆದು ಅದು ಹೊರಬಂದದ್ದು 2012ರ ಮೇ ತಿಂಗಳಲ್ಲಿ. ಆ ಎಂಟೊಂಬತ್ತು ತಿಂಗಳು ವದಂತಿಗೆ ಸಿಕ್ಕ ಹೊಲ.

ಇದಕ್ಕಿಂತ ಕಹಿಯಾದದ್ದು ಜೋಶಿಮಠದ ಉದಾಹರಣೆ. 2023ರ ಜನವರಿಯಲ್ಲಿ ಆ ಹಿಮಾಲಯದ ಪಟ್ಟಣದ ಮನೆಗಳು ಬಿರುಕು ಬಿಡುತ್ತಿದ್ದಾಗ ಇಸ್ರೊದ ದೂರಸಂವೇದಿ ಕೇಂದ್ರದ ಚಿತ್ರಗಳು ಹೊರಬಂದವು. 12 ದಿನಗಳಲ್ಲಿ ನೆಲ 5.4 ಸೆಂಟಿಮೀಟರ್ ಕುಸಿದಿದೆ ಎಂಬುದು ಯಾರಿಗೂ ಅರ್ಥವಾಗುವ ಮಾತು. ಎಷ್ಟು ಚೆನ್ನಾಗಿ ಅರ್ಥವಾಯಿತೆಂದರೆ, ಮಾಧ್ಯಮಗಳೊಡನೆ ಮಾತನಾಡಬಾರದು, ಅಂಕಿಅಂಶ ಹಂಚಿಕೊಳ್ಳಬಾರದು ಎಂದು ಸಂಸ್ಥೆಗಳಿಗೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಸೂಚಿಸಿತು. ಆ ವರದಿ ಜಾಲತಾಣದಿಂದ ಮಾಯವಾಯಿತು. 1964ರ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳ ಪ್ರಕಾರ ಸರ್ಕಾರದ ನೀತಿಯನ್ನು ಟೀಕಿಸುವ ಮಾತನ್ನು ನೌಕರ ಸಾರ್ವಜನಿಕವಾಗಿ ಆಡುವಂತಿಲ್ಲ. ಸರ್ಕಾರಿ ಪ್ರಯೋಗಾಲಯಗಳಲ್ಲಿ ಇರುವವರಲ್ಲಿ ಬಹುಪಾಲು ಮಂದಿ ಇಂಥ ನಿಯಮಗಳ ಕೆಳಗೆ ದುಡಿಯುವವರು. ಒಂದು ಕೈಯಲ್ಲಿ ಬೀಗ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಮಾತಿನ ಪಠ್ಯಕ್ರಮ ಕೊಟ್ಟರೆ ಯಾವ ಮಾತು ಹೊರಬರುತ್ತದೆ? ಸಂಸ್ಥೆಯ ಹೆಸರು ಬೆಳಗಿಸುವ ಮಾತು. ಅದನ್ನು ಚೆನ್ನಾಗಿ ಆಡಬಲ್ಲವರನ್ನು ಈ 30 ಗಂಟೆ ತಯಾರಿಸುತ್ತದೆ.

ಒಲವಿದ್ದವರಿಗೆ ತರಬೇತಿ ಕೊಡುವುದಕ್ಕೆ ನನ್ನ ಅಡ್ಡಿಯಿಲ್ಲ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು, ನಂಗಪುರಂ ವೆಂಕಟೇಶ ಅಯ್ಯಂಗಾರರು ‘ವಿಜ್ಞಾನ’ ಪತ್ರಿಕೆ ತಂದದ್ದು ಒಲವಿನಿಂದ. ಯಾರೂ ಅವರಿಗೆ ಕ್ರೆಡಿಟ್ ಕೊಟ್ಟಿರಲಿಲ್ಲ. ಆದರೆ ಕಡ್ಡಾಯ ಎಂದೊಡನೆ ಅದು ಹಾಜರಿ, ಪ್ರಮಾಣಪತ್ರ, ಗುಂಪುಚಿತ್ರವಾಗುತ್ತದೆ. ನಾನು ನಡೆಸಿದ ಶಿಬಿರಗಳೂ ಕೊನೆಕೊನೆಗೆ ಹಾಗೆಯೇ ಆದವು. ಪ್ರಯೋಗಾಲಯದಲ್ಲಿ ಮಾತ್ರ ಅರಳುವ, ನಾಲ್ಕು ಜನರ ಮುಂದೆ ಬೆವರುವ ಒಬ್ಬ ಒಳ್ಳೆಯ ಸಂಶೋಧಕಿಯನ್ನು ವೇದಿಕೆಗೆ ತಳ್ಳಿ ಯಾರಿಗೆ ಲಾಭ? ಇತ್ತ, 1989ರಿಂದ ವಿಜ್ಞಾನ ಪ್ರಸಾರದ್ದೇ ಕೆಲಸ ಮಾಡುತ್ತಿದ್ದ ಕೇಂದ್ರದ ‘ವಿಜ್ಞಾನ ಪ್ರಸಾರ್’ ಸಂಸ್ಥೆಯನ್ನು 2023ರಲ್ಲಿ ಮುಚ್ಚಲಾಯಿತು. ಅದನ್ನೇ ಕಸುಬಾಗಿ ಮಾಡಬಲ್ಲವರ ಅನ್ನ ಕಿತ್ತುಕೊಂಡು, ಕಸುಬಲ್ಲದವರ ತಲೆಗೆ ಅದನ್ನು ಕಟ್ಟುವುದು ಯಾವ ನ್ಯಾಯ? ಪ್ರತಿ ಜಿಲ್ಲೆಗೆ ಕನ್ನಡ ಬಲ್ಲ ಇಬ್ಬರು ವಿಜ್ಞಾನ ಬರಹಗಾರರನ್ನು ಸಂಬಳ ಕೊಟ್ಟು ನೇಮಿಸಲಿ. ಅವರು ಪ್ರಯೋಗಾಲಯದ ಮಾತನ್ನು ಊರಿಗೆ ಒಯ್ಯಲಿ, ಊರಿನ ಪ್ರಶ್ನೆಯನ್ನು ಪ್ರಯೋಗಾಲಯಕ್ಕೆ ತರಲಿ. ತಂದ ಪ್ರಶ್ನೆಗೆ ಇಷ್ಟು ದಿನದೊಳಗೆ ಉತ್ತರ ಕೊಡಬೇಕೆಂಬ ನಿಯಮವಿರಲಿ. ಆ ನಿಯಮವನ್ನು ಬೇಕಾದರೆ ಕಡ್ಡಾಯ ಮಾಡಲಿ.

ಪರವಾಗಿ ಬರೆದವರು ಆ ಶಾಲೆಯ ಸಭೆಯಲ್ಲಿ ಇದ್ದವರು. ತಜ್ಞರು ಏನು ಹೇಳಬೇಕಿತ್ತು ಎಂಬುದನ್ನು ಸಾಲುಸಾಲಾಗಿ ಬರೆದಿದ್ದಾರೆ. ಅಜ್ಜಿ ಕೇಳಿದ್ದನ್ನು ಅಲ್ಲಿ ಯಾರಾದರೂ ಬರೆದುಕೊಂಡರೇ ಎಂಬುದನ್ನು ಮಾತ್ರ ಹೇಳಿಲ್ಲ.