ನರ್ಸ್ ಆಗಲು ಪದವಿಯೇ ಬೇಕಾ?

ಪರ

ನರ್ಸ್ ಅಂದ್ರೆ ಡಾಕ್ಟರ್ ಹೇಳಿದ್ದನ್ನು ಮಾಡುವವರು ಅಂತ ಇನ್ನೂ ಎಷ್ಟೋ ಜನ ತಿಳಿದಿದ್ದಾರೆ. ಹೆರಿಗೆ ವಾರ್ಡಿನಲ್ಲಿ ಏನು ನಡೆಯುತ್ತದೆ ನೋಡಿ. ಮಗು ಹುಟ್ಟಿದ ಮೇಲೆ ಸಿಸ್ಟರ್ ಬಾಣಂತಿಯ ಹೊಟ್ಟೆ ಒತ್ತಿ ನೋಡುತ್ತಾರೆ. ಗರ್ಭಕೋಶ ಗಟ್ಟಿಯಾಗಿ ಕೈಗೆ ಸಿಕ್ಕರೆ ಸರಿ. ಮೆತ್ತಗಿದ್ದರೆ ರಕ್ತಸ್ರಾವದ ಭಯ. ತಕ್ಷಣ ಹೊಟ್ಟೆ ಉಜ್ಜಬೇಕು, ಗರ್ಭಕೋಶ ಗಟ್ಟಿಯಾಗಲು ಆಕ್ಸಿಟೋಸಿನ್ ಔಷಧಿ ಕೊಡಬೇಕು, ಬಿಪಿ ನೋಡುತ್ತಲೇ ಇರಬೇಕು. ಜೋರು ಮಳೆಯಲ್ಲಿ ಮಡಿಕೇರಿಯಿಂದ ಮೈಸೂರಿಗೆ ಕಳಿಸಬೇಕಾಗಿ ಬಂದರೆ, ಆಂಬುಲೆನ್ಸಿನಲ್ಲಿ ಅದೆಲ್ಲ ಅವರ ತಲೆ ಮೇಲೆ. ಯಾಕೆ ಹೀಗಾಯ್ತು, ಮುಂದೆ ಏನಾಗಬಹುದು ಅಂತ ಆಳವಾಗಿ ಓದಿದವರೇ ಅಲ್ಲಿರಬೇಕು.

ಈ ವೃತ್ತಿಗೆ ಮರ್ಯಾದೆ ಸುಮ್ನೆ ಬರಲಿಲ್ಲ. ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಲಂಡನ್ನಿನಲ್ಲಿ ನರ್ಸಿಂಗ್ ಶಾಲೆ ತೆರೆದರು. ಕಲಿತವರ ಹೆಸರು ಸರ್ಕಾರಿ ಪಟ್ಟಿಯಲ್ಲಿ ಇರಬೇಕು ಅಂತ ಬ್ರಿಟನ್ನಿನ ನರ್ಸ್ ಎಥೆಲ್ ಫೆನ್ವಿಕ್ ದಶಕಗಟ್ಟಲೆ ಹೋರಾಡಿದರು. ನ್ಯೂಜಿಲೆಂಡ್ 1901ರಲ್ಲೇ ಕಾನೂನು ಮಾಡಿತು, ಬ್ರಿಟನ್ 1919ರಲ್ಲಿ. ನಮ್ಮ ನರ್ಸಿಂಗ್ ಕೌನ್ಸಿಲ್ ಕಾಯ್ದೆ 1947ರದ್ದು. ದೆಹಲಿ, ವೆಲ್ಲೂರಿನಲ್ಲಿ ಬಿಎಸ್ಸಿ ನರ್ಸಿಂಗ್ 1946ರಲ್ಲೇ ಶುರುವಾಗಿದೆ! ಇಷ್ಟಾದ ಮೇಲೂ ಪದವಿ ಬೇಕಾ ಅಂತ ಕೇಳ್ತೀವಲ್ಲ, ಅದೇ ಬೇಸರ.

ವಿರೋಧ

ಅದೇ ನೈಟಿಂಗೇಲ್ ಆ ಪಟ್ಟಿಯನ್ನು ವಿರೋಧಿಸಿದ್ದರು. ನರ್ಸ್‌ಗೆ ಬೇಕಾದ ಗುಣ ಪರೀಕ್ಷೆಯಲ್ಲಿ ಸಿಗುವುದಿಲ್ಲ ಎಂಬುದು ಅವರ ವಾದ. ನಾನು ಅಷ್ಟು ದೂರ ಹೋಗುವುದಿಲ್ಲ. ತರಬೇತಿ ಬೇಕು, ಪರೀಕ್ಷೆ ಬೇಕು, ಪಟ್ಟಿಯೂ ಬೇಕು. ಆದರೆ ಫೆನ್ವಿಕ್ ಕೇಳಿದ್ದು ನೋಂದಣಿ, ಪದವಿ ಅಲ್ಲ. ಬಾಣಂತಿಯ ಹೊಟ್ಟೆ ಒತ್ತಿ ನೋಡುವುದನ್ನು ಎರಡು ವರ್ಷದ ಎಎನ್‌ಎಂ (ಹಳ್ಳಿಯ ತಾಯಿ-ಮಕ್ಕಳ ಆರೈಕೆಯ ತರಬೇತಿ), ಮೂರು ವರ್ಷದ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಕೋರ್ಸಿನಲ್ಲೂ ಕಲಿಸುತ್ತಾರೆ. ಕೈಗೆ ಹತ್ತುವುದು ಮಾಡಿ ಮಾಡಿ.

ಕೊಡಗಿನ ತಿತಿಮತಿ ಕಡೆಯ ಬುಡಕಟ್ಟು ಹಾಡಿಗಳಿಗೆ ಯಾರು ಹೋಗ್ತಾರೆ? ಎಎನ್‌ಎಂ ಸಿಸ್ಟರ್. ಲಸಿಕೆ ಡಬ್ಬಿ ಹೆಗಲಿಗೆ ಹಾಕಿಕೊಂಡು, ಆನೆ ಓಡಾಡುವ ದಾರಿಯಲ್ಲಿ. ಅಲ್ಲಿನ ಯರವ ಬುಡಕಟ್ಟಿನವರ ಮನೆಯ ಬಸುರಿಗೆ ತನ್ನ ಮಾತು ಬಲ್ಲವರು ಬಂದು ಕರೆದರೆ ಆಸ್ಪತ್ರೆಯ ಹೆದರಿಕೆ ಎಷ್ಟೋ ಕಮ್ಮಿಯಾಗುತ್ತೆ. ಅಂಥ ನರ್ಸ್ ಹಾಡಿಯಿಂದಲೇ, ತೋಟದ ಕೂಲಿಯವರ ಲೈನ್ ಮನೆಯಿಂದಲೇ ಬರಬೇಕಲ್ವಾ? ಬಿಎಸ್ಸಿಗೆ ಸೈನ್ಸ್ ಪಿಯುಸಿ ಆಗಿರಬೇಕು. ಆಮೇಲೆ ನಾಲ್ಕು ವರ್ಷದ ಫೀಸು, ಹಾಸ್ಟೆಲ್ ಖರ್ಚು. ಕಾಫಿ ಕೊಯ್ಲಿನ ಕೂಲಿಯಲ್ಲಿ ಅದನ್ನು ಹೊಂದಿಸುವುದು ಹೇಗೆ? ಜಿಎನ್‌ಎಂ ಆದರೆ ಆರ್ಟ್ಸ್ ಓದಿದವಳಿಗೂ ಸೀಟು ಸಿಗುತ್ತೆ.

ಹೆಚ್ಚು ಓದಬೇಕು ಅನ್ನುವ ಮಾತಿಗೆ ನನ್ನ ತಕರಾರಿಲ್ಲ. ಜಿಎನ್‌ಎಂ ಆದವರಿಗೆ ಆಮೇಲೆ ಪದವಿ ಪಡೆಯಲು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಇದ್ದೇ ಇದೆ. ಅವಳು ಮೊದಲು ಕೆಲಸಕ್ಕೆ ಸೇರಲಿ, ಆಮೇಲೆ ಸರ್ಕಾರವೇ ಸಂಬಳ ಕೊಟ್ಟು ಓದಲು ಕಳಿಸಲಿ.