ಸ್ಯಾಕ್ರಮೆಂಟೊ ಬಿಸಿಲಲ್ಲಿ ನೆನಪಾದ ದಾವಣಗೆರೆ ಭಾಯಿ

ಜುಲೈ ಮೊದಲ ವಾರ. ಸ್ಯಾಕ್ರಮೆಂಟೊದಲ್ಲಿ 41 ಡಿಗ್ರಿ ಬಿಸಿಲು. ಕಾರಿನ ಎಸಿಯಿಂದ ಬಿಸಿ ಗಾಳಿ ಬರತೊಡಗಿತು. ಹಿಂದಿನ ಸೀಟಿನಲ್ಲಿದ್ದ ಮಗಳ ಮುಖ ಕೆಂಪಾಗಿತ್ತು. ಅವತ್ತೇ ಗಾಡಿಯನ್ನು ಗ್ಯಾರೇಜಿಗೆ ಒಯ್ದೆ. ಏನಾಗಿದೆ ಅಂತ ನೋಡಿ ಹೇಳುವುದಕ್ಕೇ 190 ಡಾಲರ್. ಸಂಜೆ ಫೋನಿಗೆ ಎಸ್ಟಿಮೇಟ್ ಬಂತು. ಕೂಲಿಂಗ್ ಕಾಯಿಲ್ ಸೋರುತ್ತಿದೆ, 2,100 ಡಾಲರ್ ಆಗುತ್ತದೆ.

ವಾರಂಟಿ ನಂಬಿ ಕೂತಿದ್ದೆ. ಇಲ್ಲಿ ಹೆಚ್ಚಿನ ಕಂಪನಿಗಳು ಪೂರ್ತಿ ಗಾಡಿಗೆ ಕೊಡುವುದು 3 ವರ್ಷ ಇಲ್ಲವೇ 36,000 ಮೈಲಿ. ಆಮೇಲೆ 5 ವರ್ಷದವರೆಗೆ ಉಳಿಯುವುದು ಎಂಜಿನ್, ಗೇರ್‌ಬಾಕ್ಸಿನದು. ಎಸಿ ಅದರಲ್ಲಿ ಬರುವುದಿಲ್ಲ. ನಮ್ಮ ಗಾಡಿಗೆ ನಾಲ್ಕು ವರ್ಷ ಆಗಿತ್ತು.

ಕಾಯಿಲ್ ಬೆಲೆ ಬರೀ 320 ಡಾಲರ್. ತಂಪು ಮಾಡುವ ಎಸಿ ಗ್ಯಾಸಿಗೆ 250. ಹೊಸ ಗಾಡಿಗಳ 1234ವೈಎಫ್ ಗ್ಯಾಸ್ ಹಳೆಯ 134ಎಗಿಂತ ತುಂಬಾ ದುಬಾರಿ, ಒಪ್ಪೋಣ. ಉಳಿದದ್ದು ಹೆಚ್ಚುಕಡಿಮೆ ಎಲ್ಲ ಕೂಲಿ. ಡ್ಯಾಶ್‌ಬೋರ್ಡ್ ಬಿಚ್ಚಿ ಜೋಡಿಸಲು 8 ಗಂಟೆ, ಗಂಟೆಗೆ 185 ಡಾಲರ್. ಆ 8 ಗಂಟೆಯೂ ಗಡಿಯಾರ ನೋಡಿ ಬರೆದದ್ದಲ್ಲ. ಯಾವ ಕೆಲಸಕ್ಕೆ ಎಷ್ಟು ಹೊತ್ತು ಅಂತ ಪಟ್ಟಿ ಇರುತ್ತದೆ. ಆರು ಗಂಟೆಯಲ್ಲಿ ಮುಗಿದರೂ ಎಂಟು ಗಂಟೆಯ ದುಡ್ಡೇ ಕೊಡಬೇಕು.

ದುಡ್ಡಿಗಿಂತ ಜಾಸ್ತಿ ಬೇಜಾರಾದದ್ದು ಬೇರೆ. ನನ್ನ ಗಾಡಿ ಬಿಚ್ಚಿದ ಮನುಷ್ಯನ ಮುಖವನ್ನೇ ನಾನು ನೋಡಲಿಲ್ಲ. ಎಲ್ಲಿ ಸೋರುತ್ತಿದೆ, ತೋರಿಸಿ ಅಂದೆ. ಗಿರಾಕಿಗಳು ಒಳಗೆ ಬರುವಂತಿಲ್ಲ ಅಂದರು.

ಊರಲ್ಲಿ ಅಪ್ಪನ ಕಾರಿಗೂ ಒಮ್ಮೆ ಇದೇ ಆಗಿತ್ತು. ಪಿ.ಬಿ. ರಸ್ತೆಯ ಪಕ್ಕ ಒಂದು ಸಣ್ಣ ಶೆಡ್. ಭಾಯಿ ಎಲ್ಲವನ್ನೂ ನಮ್ಮೆದುರಿಗೇ ಬಿಚ್ಚಿದ. ಒಂದೊಂದು ಜಾಗದ ಸ್ಕ್ರೂ ಒಂದೊಂದು ಡಬ್ಬಿ ಮುಚ್ಚಳದಲ್ಲಿ. ಅಪ್ಪ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು. ನಾನು ಹೋಗಿ ಮೂವರಿಗೂ ಬೆಣ್ಣೆ ದೋಸೆ ಕಟ್ಟಿಸಿಕೊಂಡು ಬಂದೆ. ಕಾಯಿಲ್ ಕೈಗೆ ಬಂದ ಮೇಲೆ ಅದರ ಮೂಲೆಯ ಎಣ್ಣೆ ಕಲೆಗೆ ಬೆರಳಿಟ್ಟ. "ನೋಡ್ರಿ ಸರ, ಇಲ್ಲೈತಿ ಸೋರಿಕೆ." ಹೊಸ ಕಾಯಿಲ್, ಗ್ಯಾಸ್, ಕೂಲಿ ಎಲ್ಲ ಸೇರಿ 7,000 ರೂಪಾಯಿ. ಅಪ್ಪ ಒಂದು ಮಾತೂ ಆಡದೆ ಎಣಿಸಿ ಕೊಟ್ಟರು. ಹಾಗೆ ಬೆರಳಿಟ್ಟು ತೋರಿಸಿದ್ದರೆ 2,100 ಡಾಲರನ್ನೂ ನಾನು ಸಮಾಧಾನದಿಂದ ಕೊಡುತ್ತಿದ್ದೆ. ರಿಪೇರಿ ಅಂದರೆ ನನಗೆ ಇವತ್ತಿಗೂ ಆ ಶೆಡ್ಡೇ.

ಆದರೆ ಒಂದು ಮಾತು ಹೇಳಲೇಬೇಕು. ಭಾಯಿ ಸಿಗುವ ಮೊದಲು ಮೂರು ಬೇಸಿಗೆ ಅದೇ ರಸ್ತೆಯ ಬೇರೆ ಗ್ಯಾರೇಜಿನವರು ಸುಮ್ನೆ ಗ್ಯಾಸ್ ತುಂಬಿ ಕಳಿಸಿದ್ದರು. ಸೋರಿಕೆ ಎಲ್ಲಿ ಅಂತ ಯಾರೂ ಹುಡುಕಲಿಲ್ಲ. ತುಂಬಿದ್ದೆಲ್ಲ ಗಾಳಿಗೆ ಹೋಯಿತು. ಇಲ್ಲಿ ಗ್ಯಾಸನ್ನು ಬೇಕೆಂದೇ ಗಾಳಿಗೆ ಬಿಡುವುದು ಕಾನೂನಿಗೆ ವಿರುದ್ಧ, ಯಂತ್ರದಿಂದ ಎಳೆದುಕೊಳ್ಳುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಎಸ್ಟಿಮೇಟ್ ಬರೆದೇ ಕೊಡಬೇಕು. ನಮ್ಮನ್ನು ಕೇಳದೆ ಅದಕ್ಕಿಂತ ಜಾಸ್ತಿ ಬಿಲ್ ಮಾಡುವಂತಿಲ್ಲ. ಮೊದಲೇ ಕೇಳಿದರೆ ತೆಗೆದ ಹಳೆಯ ಭಾಗವನ್ನೂ ವಾಪಸ್ ಕೊಡುತ್ತಾರೆ.

ನಾನು ಕೇಳಿದ್ದೆ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟರು. ಮನೆಗೆ ತಂದು ಬೆಳಕಿಗೆ ಹಿಡಿದರೆ ಕೆಳಗಿನ ಮೂಲೆಯಲ್ಲಿ ಎಣ್ಣೆ ಕಲೆ. ಫೋಟೊ ತೆಗೆದು ಅಪ್ಪನಿಗೆ ಕಳಿಸಿದೆ. "ನಾಳೆ ಆ ಕಡೆ ಹೋಗ್ತೀನಪ್ಪ, ಭಾಯಿಗೆ ತೋರಿಸ್ತೀನಿ" ಅಂದರು.