ತೆಗೆದ ಫೋಟೊ, ತೆಗೆಸಿಕೊಂಡ ಫೋಟೊ

ಕನ್ನಡದಲ್ಲಿ ‘ಫೋಟೊ ತೆಗೆದರು’ ಅಂತಲೂ ಹೇಳುತ್ತೇವೆ, ‘ಫೋಟೊ ತೆಗೆಸಿಕೊಂಡರು’ ಅಂತಲೂ ಹೇಳುತ್ತೇವೆ. ಮೊದಲ ಮಾತಿನಲ್ಲಿ ಕೆಲಸವೆಲ್ಲ ಕ್ಯಾಮೆರಾ ಹಿಡಿದವರದು. ಎರಡನೆಯದರಲ್ಲಿ ಎದುರು ಕೂತವರದು. ದಿನಾ ಆಡುವ ಮಾತು ಇದು, ಅದರೊಳಗಿನ ವ್ಯತ್ಯಾಸ ನನಗೆ ಹೊಳೆದಿರಲೇ ಇಲ್ಲ. ಅಮೆರಿಕಕ್ಕೆ ಬಂದು, ಕ್ಯಾಮೆರಾ ಹಿಡಿದು, ಒಂದು ತಪ್ಪು ಮಾಡಿದ ಮೇಲೆ ಹೊಳೆಯಿತು.

ಮನೆಯಿಲ್ಲದವರು ರಾತ್ರಿ ತಂಗುವ ಒಂದು ಕೇಂದ್ರಕ್ಕೆ ವಾರಕ್ಕೊಮ್ಮೆ ಹೋಗಿ ಕೈಲಾದ ಕೆಲಸ ಮಾಡುತ್ತಿದ್ದೆ. ಅಲ್ಲಿ ಒಬ್ಬ ಹಿರಿಯರ ಫೋಟೊ ತೆಗೆದೆ. ಕಿಟಕಿಯ ಬೆಳಕು ಪಕ್ಕದಿಂದ ಬೀಳುತ್ತಿತ್ತು. ಒಂದೊಂದು ಸುಕ್ಕೂ ಎದ್ದು ಕಾಣುತ್ತಿತ್ತು. ಒಪ್ಪಿಗೆ ಪತ್ರಕ್ಕೆ ಸಹಿಯನ್ನೂ ಹಾಕಿಸಿಕೊಂಡಿದ್ದೆ. ಫೋಟೊವನ್ನು ಕಪ್ಪು-ಬಿಳುಪು ಮಾಡಿ, ಕಾಂಟ್ರಾಸ್ಟ್ ಜಾಸ್ತಿ ಮಾಡಿ, ಸಣ್ಣ ಪ್ರದರ್ಶನವೊಂದರ ಗೋಡೆಗೆ ಹಾಕಿದೆ. ನೋಡಿದವರೆಲ್ಲ ಹೊಗಳಿದರು. ಖುಷಿಯಿಂದ ಆ ಹಿರಿಯರನ್ನೂ ಕರೆದುಕೊಂಡು ಹೋಗಿ ತೋರಿಸಿದೆ. ತುಂಬಾ ಹೊತ್ತು ನೋಡಿದರು. ‘ಅವತ್ತು ನಾನು ಮುಖ ತೊಳೆದಿರಲಿಲ್ಲ’ ಅಂದರು. ಬೇರೇನೂ ಹೇಳಲಿಲ್ಲ.

ಇಲ್ಲಿ ಬೀದಿಯಲ್ಲಿ, ಪಾರ್ಕಿನಲ್ಲಿ ಯಾರ ಫೋಟೊ ತೆಗೆದರೂ ಸಾಮಾನ್ಯವಾಗಿ ಕಾನೂನಿನ ಅಡ್ಡಿಯಿಲ್ಲ. ಜಾಹೀರಾತಿನಂಥ ಕೆಲಸಕ್ಕೆ ಬಳಸುವುದಾದರೆ ಮಾತ್ರ ಸಹಿ ಬೇಕು. ಆ ಕಾಗದ ಕಾಪಾಡುವುದು ನನ್ನನ್ನು. ಅವರಿಗೆ ಅದರಿಂದ ಸಿಗುವುದೇನೂ ಇಲ್ಲ. ನಮ್ಮ ಕಡೆ ಕಾಗದವೂ ಇಲ್ಲ, ಸಲುಗೆಯೇ ಎಲ್ಲ. ಕ್ಯಾಮೆರಾ ಹೊರಗೆ ಬಂದರೆ ಸಾಕು, ಮಕ್ಕಳು ‘ನಂದೂ ತೆಗೀರಿ’ ಅಂತ ಓಡಿ ಬರುತ್ತಾರೆ. ಅದನ್ನೇ ಒಪ್ಪಿಗೆ ಅಂದುಕೊಂಡು ತುಂಬಿಕೊಂಡು ಬರುತ್ತೇವೆ. ಆ ಮಕ್ಕಳಲ್ಲಿ ಎಷ್ಟು ಜನರ ಕೈಗೆ ಅವರ ಫೋಟೊ ತಲುಪಿದೆ? ನಾನಂತೂ ಒಂದನ್ನೂ ತಲುಪಿಸಿಲ್ಲ. ಹೇಳಲು ನಾಚಿಕೆಯಾಗುತ್ತದೆ.

1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊದಲ್ಲಿ ಡೊರೊಥಿಯಾ ಲ್ಯಾಂಗ್ ತೆಗೆದ ವಲಸೆ ತಾಯಿಯ ಫೋಟೊ ಬಹಳ ಜನ ನೋಡಿರುತ್ತೀರಿ. ಕೆನ್ನೆಗೆ ಕೈ, ಹೆಗಲಿಗೆ ಮುಖ ಮರೆಸಿಕೊಂಡ ಇಬ್ಬರು ಮಕ್ಕಳು. ಆ ತಾಯಿಯ ಹೆಸರನ್ನು ತಾನು ಕೇಳಲಿಲ್ಲ ಅಂತ ಲ್ಯಾಂಗ್ ತಾವೇ ಬರೆದುಕೊಂಡಿದ್ದಾರೆ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬ ಹೆಸರು ಜನಕ್ಕೆ ಗೊತ್ತಾದದ್ದು 1978ರಲ್ಲಿ. ಆಕೆ ಚೆರೊಕೀ ಮೂಲದವರು ಅನ್ನುವುದೂ ಆಮೇಲೆಯೇ ತಿಳಿದದ್ದು. ನಲವತ್ತೆರಡು ವರ್ಷ ಆ ಮುಖ ಬಡತನದ ಗುರುತಾಗಿ ಊರೂರು ಸುತ್ತಿತು. ಲ್ಯಾಂಗ್ ಅವರ ಕಳಕಳಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೂ ಹೆಸರು ಕೇಳಬಹುದಿತ್ತಲ್ಲ ಅಂತ ಪ್ರತಿ ಸಲವೂ ಅನಿಸುತ್ತದೆ.

ಎಡ್ವರ್ಡ್ ಕರ್ಟಿಸ್ ಅವರದು ಬೇರೆಯೇ ಕಥೆ. 1907ರಿಂದ 1930ರವರೆಗೆ ಅಮೆರಿಕದ ಮೂಲನಿವಾಸಿಗಳ ಬಗ್ಗೆ ಇಪ್ಪತ್ತು ಸಂಪುಟ ತಂದವರು. 1910ರ ಅವರ ಒಂದು ಫೋಟೊದಲ್ಲಿ ಪೀಗನ್ ಬುಡಕಟ್ಟಿನ ಇಬ್ಬರು ತಮ್ಮ ಗುಡಾರದಲ್ಲಿ ಕೂತಿದ್ದಾರೆ. ನಡುವೆ ಒಂದು ಗಡಿಯಾರವಿತ್ತು. ಅಚ್ಚಾಗುವ ಹೊತ್ತಿಗೆ ಅದು ಮಾಯ! ತಿದ್ದಿ ಅಳಿಸಿಬಿಟ್ಟಿದ್ದರು. ಅಳಿಸದ ಪ್ರತಿಯೂ ಉಳಿದಿರುವುದರಿಂದ ಇದು ನಮಗೆ ಗೊತ್ತು. ಆ ಮನೆಯಲ್ಲಿದ್ದ ಗಡಿಯಾರ ಅದು. ಅವರು ಹಳೇ ಕಾಲದವರಾಗಿಯೇ ಕಾಣಬೇಕೆಂದು ತೀರ್ಮಾನಿಸಿದವರು ಬೇರೆ ಯಾರೋ.

ಅದೇ ನೆಲದಲ್ಲಿ ಈಗ ವಿಲ್ ವಿಲ್ಸನ್ ಇದ್ದಾರೆ. ನವಾಹೊ ಸಮುದಾಯದ ಛಾಯಾಗ್ರಾಹಕ. 2012ರಲ್ಲಿ ಅವರು ಶುರು ಮಾಡಿದ ಕೆಲಸಕ್ಕೆ ಕರ್ಟಿಸ್‌ಗಿಂತಲೂ ಹಳೆಯ ವಿಧಾನವನ್ನೇ ಆರಿಸಿಕೊಂಡರು. ಲೋಹದ ತಗಡಿಗೆ ರಾಸಾಯನಿಕ ಬಳಿದು, ಅದು ಒಣಗುವ ಮೊದಲೇ ಚಿತ್ರ ಹಿಡಿಯುವುದು. ಕೂತವರು ಕೆಲವು ಸೆಕೆಂಡ್ ಅಲುಗಾಡಬಾರದು. ಹಾಗಾಗಿ ಕದ್ದು ಕ್ಲಿಕ್ ಮಾಡುವ ಮಾತೇ ಇಲ್ಲ. ಆಮೇಲೆ ಆ ತಗಡನ್ನು, ಅಂದರೆ ಮೂಲ ಚಿತ್ರವನ್ನೇ, ಕೂತವರಿಗೆ ಕೊಟ್ಟುಬಿಡುತ್ತಾರೆ. ತಮಗೆ ಸ್ಕ್ಯಾನ್ ಮಾಡಿದ ನಕಲು ಇಟ್ಟುಕೊಳ್ಳುತ್ತಾರೆ. ನಾವೆಲ್ಲ ಮೂಲ ಇಟ್ಟುಕೊಂಡು ನಕಲು ಕಳಿಸುತ್ತೇವೆ, ಅದೂ ನೆನಪಾದರೆ. ಇದನ್ನು ಓದಿದ ದಿನ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಭಾರತದಲ್ಲೂ ವಿಲ್ಸನ್ ಅವರಂತೆ ಈ ದಾರಿ ಹಿಡಿದವರಿದ್ದಾರೆ. ಬ್ರಿಟಿಷರು 1868ರಿಂದ 1875ರ ನಡುವೆ ಎಂಟು ಸಂಪುಟಗಳಲ್ಲಿ ನಮ್ಮ ಜನರನ್ನು ಜಾತಿ, ಬುಡಕಟ್ಟು ಅಂತ ವಿಂಗಡಿಸಿ, ಫೋಟೊ ಅಂಟಿಸಿ, ಇವರ ಗುಣ ಹೀಗೆ ಅಂತ ಷರಾ ಬರೆದಿಟ್ಟರು. ಛಾಯಾಗ್ರಾಹಕಿ ಗೌರಿ ಗಿಲ್ 2003ರಲ್ಲಿ ಮಾಡಿದ್ದು ಅದಕ್ಕೆ ತದ್ವಿರುದ್ಧ. ರಾಜಸ್ಥಾನದ ಲೂಣಕರಣಸರದಲ್ಲಿ ಹೆಣ್ಣುಮಕ್ಕಳ ಮೇಳವೊಂದು ನಡೆಯಿತು. ಅಲ್ಲಿ ಅವರು ಒಂದು ಫೋಟೊ ಮಳಿಗೆ ಹಾಕಿ ಕಾದು ಕೂತರು. ಬೇಕಾದವರು ಬಂದರು. ಹೇಗೆ ನಿಲ್ಲಬೇಕು, ಯಾರ ಜೊತೆ ನಿಲ್ಲಬೇಕು ಅನ್ನುವುದು ಆ ಹುಡುಗಿಯರಿಗೆ ಬಿಟ್ಟದ್ದು. ಆ ಚಿತ್ರಗಳಲ್ಲಿ ಹುಡುಗಿಯರು ನೆಟ್ಟಗೆ ನಮ್ಮನ್ನೇ ನೋಡುತ್ತಾರೆ. ಅಯ್ಯೋ ಪಾಪ ಅನ್ನಲು ಜಾಗವೇ ಇಲ್ಲ. ‘ತೆಗೆಸಿಕೊಂಡ ಫೋಟೊ’ ಅಂದರೆ ಇದೇ ಅಲ್ವಾ?

ಹಾಗಾದರೆ ಎಲ್ಲರ ಹೆಸರು ಬರೆದು, ಮುಖ ತೋರಿಸಿದರೆ ಮುಗಿಯಿತೇ? ಇಲ್ಲ. ದಕ್ಷಿಣ ಆಫ್ರಿಕಾದ ಜನೆಲೆ ಮುಹೋಲಿ 2006ರಿಂದ ಅಲ್ಲಿನ ಕಪ್ಪು ಲೆಸ್ಬಿಯನ್ನರ, ಟ್ರಾನ್ಸ್ ಜನರ ಭಾವಚಿತ್ರ ಮಾಡುತ್ತಿದ್ದಾರೆ. ಎದುರಿಗಿರುವವರನ್ನು ‘ಭಾಗಿಗಳು’ ಅನ್ನುತ್ತಾರೆ. ಹೆಸರು, ಊರು, ವರ್ಷ ಎಲ್ಲ ಚಿತ್ರದ ಜೊತೆಗೇ ಇರುತ್ತವೆ. ಪ್ರದರ್ಶನದ ಗೋಡೆಯಲ್ಲಿ ಅಲ್ಲಲ್ಲಿ ಖಾಲಿ ಜಾಗ ಬಿಡುತ್ತಾರೆ, ಈಗ ಇಲ್ಲದವರಿಗಾಗಿ. ಅಲ್ಲಿ ಹೆಸರು ಹೇಳುವುದೇ ಧೈರ್ಯದ ಕೆಲಸ, ಅದನ್ನು ಆ ಜನರೇ ಆರಿಸಿಕೊಂಡಿದ್ದಾರೆ. ಇನ್ನೊಂದು ಕಡೆ ಅದೇ ಹೆಸರಿನಿಂದ ಬಾಡಿಗೆ ಮನೆ ಹೋಗಬಹುದು, ಕೆಲಸ ಹೋಗಬಹುದು, ಪೆಟ್ಟೂ ಬೀಳಬಹುದು. ಅಂಥವರಿಗೆ ಬೆನ್ನು ತೋರಿಸಿ ಕೂರುವ ಹಕ್ಕೂ ಇರಬೇಕು. ಇವತ್ತು ಹೂಂ ಅಂದವರು ಮುಂದಿನ ವರ್ಷ ಬೇಡ ಅಂದರೆ ಇಳಿಸಬೇಕು. ಇಂಟರ್ನೆಟ್ಟಿಗೆ ಹಾಕಿದ ಮೇಲೆ ಇಳಿಸುವುದು ಸುಲಭವಲ್ಲ, ಆದ್ದರಿಂದ ಹಾಕುವ ಮೊದಲೇ ಆ ಮಾತು ಆಡಿ ಮುಗಿಸಬೇಕು.

ಆ ಹಿರಿಯರ ಫೋಟೊವನ್ನು ನಾನು ಮರುದಿನವೇ ಗೋಡೆಯಿಂದ ಇಳಿಸಿದೆ. ಇನ್ನೊಂದು ತೆಗೆಯಲೇ ಅಂತ ಕೇಳಿದೆ. ‘ಭಾನುವಾರ ಬಾ’ ಅಂದರು. ಹೋದಾಗ ಗಡ್ಡ ಬೋಳಿಸಿಕೊಂಡಿದ್ದರು. ಯಾರದೋ ಕೋಟು ಕೇಳಿ ಹಾಕಿಕೊಂಡಿದ್ದರು, ತೋಳು ಎರಡು ಬೆರಳು ಉದ್ದವಿತ್ತು. ಕೂರುವುದಿಲ್ಲ ಅಂದರು. ಕಿಟಕಿಯ ಪಕ್ಕ ಬೇಡ, ಎದುರಿಂದ ಬೆಳಕು ಬರಲಿ ಅಂದರು. ಕುರ್ಚಿಯ ಬೆನ್ನಿನ ಮೇಲೆ ಕೈ ಊರಿ ನಿಂತು, ‘ಹಾಂ, ಈಗ’ ಅಂದರು. ಎರಡು ಪ್ರಿಂಟ್ ಕೊಟ್ಟೆ. ಒಂದನ್ನು ಜೇಬಿಗಿಟ್ಟುಕೊಂಡರು. ಇನ್ನೊಂದನ್ನು ತಂಗಿಗೆ ಕಳಿಸಬೇಕು, ಒಂದು ಕವರ್ ಸಿಗುತ್ತದಾ ಅಂತ ಕೇಳಿದರು.